ಭಂಗಿ ಗಿಡ: ಅಮೆರಿಕದ ಪಟ್ಟಿ, ನಮ್ಮ ಕಾಯ್ದೆ ಮತ್ತು ವರ್ತಕರ ಹೊಣೆ

ಗಾಂಜಾವನ್ನು ಅಮೆರಿಕದ ಒಕ್ಕೂಟ ಸರಕಾರವು ಸಡಿಲವಾದ ಪಟ್ಟಿಗೆ ವರ್ಗಾಯಿಸಲಿದೆ ಎಂಬ ಸುದ್ದಿಯು ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲಿದೆ. ಅದರ ಬೆನ್ನಿಗೇ ‘ಹೆಂಪ್’ ಬೀಜ, ‘ಹೆಂಪ್’ ಎಣ್ಣೆ, ‘ಹೆಂಪ್’ ಬಟ್ಟೆ ಎಂಬ ಹೊಸ ಸರಕುಗಳ ಮಾತೂ ಪೇಟೆಯಲ್ಲಿ ಕೇಳಿಬರುತ್ತಿದೆ. ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ಎಣ್ಣೆಗಾಣ ನಡೆಸುವವರೊಬ್ಬರ ಬಳಿಗೆ ದಲಾಲರೊಬ್ಬರು ಬಂದು, ‘ಅಮೆರಿಕದಲ್ಲೇ ಬಿಟ್ಟಿದ್ದಾರೆ, ಇಲ್ಲಿಯೂ ಬಿಡುತ್ತಾರೆ. ಬೀಜ ನಾವು ಕೊಡುತ್ತೇವೆ, ನಾಲ್ಕು ಮಂದಿ ರೈತರಿಂದ ಬೆಳೆಸಿರಿ, ಎಣ್ಣೆಯನ್ನು ನಾವೇ ಕೊಳ್ಳುತ್ತೇವೆ’ ಎಂದರೆಂದು ಇಟ್ಟುಕೊಳ್ಳಬಹುದು. ಈ ಮಾತನ್ನು ನಂಬಿ ಮುಂಗಡ ಪಡೆದವರು ಕಳೆದುಕೊಳ್ಳಬಹುದಾದದ್ದು ಬರಿಯ ಹಣವಲ್ಲ.

ಮೊದಲಿಗೆ ಅಮೆರಿಕದ ಸಂಗತಿ. ಅಲ್ಲಿನ 1970ರ ಕಾಯ್ದೆಯು ಮಾದಕ ವಸ್ತುಗಳನ್ನು ಐದು ಪಟ್ಟಿಗಳಲ್ಲಿ ಇಟ್ಟಿತು. ಗಾಂಜಾ ಸೇರಿದ್ದು ಹೆರಾಯಿನ್ ಇರುವ ಮೊದಲನೆಯ ಪಟ್ಟಿಗೆ. ಅದನ್ನು ಮೂರನೆಯ ಪಟ್ಟಿಗೆ ಇಳಿಸಬಹುದೆಂದು ಆರೋಗ್ಯ ಇಲಾಖೆಯು 2023ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿತು. ನ್ಯಾಯ ಇಲಾಖೆಯು 2024ರ ಮೇ ತಿಂಗಳಲ್ಲಿ ಕರಡು ನಿಯಮ ಹೊರಡಿಸಿತು. 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಈ ಕೆಲಸವನ್ನು ತ್ವರೆಗೊಳಿಸಲು ಆದೇಶವಿತ್ತರು. ಆ ಆದೇಶವು ತಾನಾಗಿಯೇ ಪಟ್ಟಿಯನ್ನು ಬದಲಿಸಿದ್ದಲ್ಲ.

ಪಟ್ಟಿ ಬದಲಾದರೆ ಅಲ್ಲಿನ ಅಂಗಡಿಕಾರನಿಗೆ ಆಗುವ ದೊಡ್ಡ ಲಾಭ ತೆರಿಗೆಯದು. ಮೊದಲೆರಡು ಪಟ್ಟಿಗಳ ವಸ್ತುಗಳನ್ನು ಮಾರುವವರು ಬಾಡಿಗೆ, ಸಂಬಳ, ಜಾಹೀರಾತು ಮುಂತಾದ ವೆಚ್ಚಗಳನ್ನು ಆದಾಯದಿಂದ ಕಳೆಯುವಂತಿಲ್ಲ ಎಂದು ಅಲ್ಲಿನ ಆದಾಯ ತೆರಿಗೆ ಸಂಹಿತೆಯ 280ಇ ಕಲಮು ಹೇಳುತ್ತದೆ. ಸರಕಿನ ಅಸಲನ್ನು ಮಾತ್ರ ಕಳೆಯಬಹುದು. ಉದಾಹರಣೆಗೆ 100 ಡಾಲರ್ ಮಾರಾಟದಲ್ಲಿ ಸರಕಿನ ಅಸಲು 60, ಇತರ ವೆಚ್ಚ 30 ಎಂದಾದರೆ ನಿಜವಾದ ಲಾಭ 10 ಡಾಲರ್. ಆದರೆ ಕಂಪನಿಗಳಿಗೆ ವಿಧಿಸುವ ಶೇ. 21ರ ತೆರಿಗೆಯು 40 ಡಾಲರ್ ಮೇಲೆ ಬಿದ್ದು 8.40 ಡಾಲರ್ ಆಗುತ್ತದೆ. ಮೂರನೆಯ ಪಟ್ಟಿಗೆ ಇಳಿದ ಸರಕಿಗೆ ಅದೇ ತೆರಿಗೆ 2.10 ಡಾಲರ್. ಲೆಕ್ಕ ಬಲ್ಲ ಯಾವ ವರ್ತಕನೂ ಈ ವ್ಯತ್ಯಾಸದ ತೂಕವನ್ನು ಅರಿಯಬಲ್ಲ.

ಇಷ್ಟಾದರೂ ಮೂರನೆಯ ಪಟ್ಟಿಯೆಂದರೆ ಮುಕ್ತ ಮಾರಾಟವಲ್ಲ. ಆ ಪಟ್ಟಿಯ ಔಷಧಿಗೆ ಒಕ್ಕೂಟದ ಅನುಮೋದನೆ ಬೇಕು, ವೈದ್ಯರ ಚೀಟಿ ಬೇಕು. ಆದ್ದರಿಂದ ವೈದ್ಯಕೀಯ ಸಂಶೋಧನೆ ನಡೆಸುವವರಿಗೆ ದಾರಿ ಸುಗಮವಾಗುತ್ತದೆಯೇ ಹೊರತು, ಮೋಜಿಗಾಗಿ ಮಾರುವ ಅಂಗಡಿಯು ರಾಜ್ಯದ ಪರವಾನಗಿ ಪಡೆದಿದ್ದರೂ ಒಕ್ಕೂಟದ ದೃಷ್ಟಿಯಲ್ಲಿ ಕಾನೂನುಬಾಹಿರವಾಗಿಯೇ ಉಳಿಯುತ್ತದೆ. ಪರದೇಶದಿಂದ ಗಾಂಜಾ ತರಿಸಿಕೊಳ್ಳುವ ಮಾತಂತೂ ದೂರವೇ ಉಳಿಯಿತು.

ಭಾರತದ ಕಾಯ್ದೆಯ ಲೆಕ್ಕವೇ ಬೇರೆ. 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯ್ದೆಯು ಗಿಡದ ಭಾಗಗಳನ್ನು ಪ್ರತ್ಯೇಕಿಸುತ್ತದೆ. ಹೂವಿನ ಅಥವಾ ಕಾಯಿಯ ತುದಿ ಗಾಂಜಾ, ಅಂಟು ಚರಸ್. ತುದಿಗಳ ಜೊತೆಗೂಡಿರದ ಬೀಜ ಮತ್ತು ಎಲೆಗಳು ಗಾಂಜಾದ ವ್ಯಾಖ್ಯೆಯಿಂದ ಹೊರಗಿವೆ. ಆದರೆ ಗಿಡವನ್ನು ಬೆಳೆಸುವುದು ಸರಕಾರದ ಅನುಮತಿಯಿಲ್ಲದೆ ನಿಷಿದ್ಧ. ಅಂದರೆ ಬೀಜಕ್ಕೆ ಬಿಡುಗಡೆಯಿದೆ, ಬೆಳೆಗೆ ಇಲ್ಲ. ದಲಾಲರ ಮಾತಿನಲ್ಲಿ ಮರೆಯಾಗುವುದು ಇದೇ. ಅನುಮತಿಯಿಲ್ಲದ ಬೇಸಾಯಕ್ಕೆ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಗಳವರೆಗೆ ದಂಡ ಉಂಟು. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರಕಾರ ಅನುಮತಿ ನೀಡಬಹುದೆಂದು 14ನೆಯ ಕಲಮು ಹೇಳುತ್ತದೆ. ಉತ್ತರಾಖಂಡ ರಾಜ್ಯವು ಮಾದಕ ಅಂಶ ಶೇ. 0.3ಕ್ಕಿಂತ ಕಡಿಮೆಯಿರುವ ತಳಿಗೆ ಪರವಾನಗಿ ನೀಡಿದ್ದು ಹೀಗೆ. ಆ ರಾಜ್ಯದ ಪರವಾನಗಿಯನ್ನು ತೋರಿಸಿ ಹಾವೇರಿ ಜಿಲ್ಲೆಯ ಹೊಲದಲ್ಲಿ ಬಿತ್ತಲಾಗದು. ಹತ್ತಿ, ಮೆಕ್ಕೆಜೋಳದ ಸಾಲುಗಳ ನಡುವೆ ಗಾಂಜಾ ಗಿಡ ಸಿಕ್ಕು ರೈತರು ಕೋರ್ಟು ಅಲೆದ ಪ್ರಸಂಗಗಳು ಉತ್ತರ ಕರ್ನಾಟಕಕ್ಕೆ ಹೊಸವಲ್ಲ.

ಹಾಗಾದರೆ ಗಾಣದವರಿಗೆ ದಾರಿಯೇ ಇಲ್ಲವೆಂದಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರ ನವೆಂಬರ್‌ನಲ್ಲಿ ಹೆಂಪ್ ಬೀಜ, ಬೀಜದ ಎಣ್ಣೆ ಮತ್ತು ಬೀಜದ ಹಿಟ್ಟನ್ನು ಆಹಾರವೆಂದು ಅಂಗೀಕರಿಸಿತು. ಒಂದು ಕಿಲೋ ಬೀಜದಲ್ಲಿ ಮಾದಕ ಅಂಶವಾದ ಟಿಎಚ್‌ಸಿ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದು. ಲೈಸೆನ್ಸ್ ಉಳ್ಳ ಮೂಲದಿಂದ ಪಕ್ಕಾ ಬಿಲ್ಲಿನೊಡನೆ ಬೀಜ ಕೊಂಡು, ಪ್ರತಿ ಲಾಟಿಗೂ ಪ್ರಯೋಗಾಲಯದ ವರದಿ ಇಟ್ಟುಕೊಂಡು ಎಣ್ಣೆ ತೆಗೆಯುವುದು ಸಣ್ಣ ಉದ್ದಿಮೆಗೆ ಸಾಧ್ಯವಾದ ಮಾರ್ಗ. ಆದರೆ ಚೀಲದಲ್ಲಿ ಹೂವಿನ ತುದಿಗಳು ಬೆರೆತು ಬಂದರೆ ಬೀಜಕ್ಕಿರುವ ರಕ್ಷಣೆ ಅಲ್ಲಿಗೇ ಮುಗಿಯಿತು. ಅಂತಹ ಸರಕು ಸಾಗಿಸಿದ ವಾಹನವೂ ಮುಟ್ಟುಗೋಲಿಗೆ ಗುರಿಯಾಗಬಹುದು. ತನಗೆ ತಿಳಿದಿರಲಿಲ್ಲ, ತಕ್ಕ ಎಚ್ಚರಿಕೆ ವಹಿಸಿದ್ದೆ ಎಂದು ಸಾಬೀತುಪಡಿಸುವ ಭಾರ ಮಾಲೀಕನದೇ.

ಎಲೆಯ ವ್ಯಾಪಾರ ಇನ್ನೂ ತೊಡಕಿನದು. ಆಯುರ್ವೇದದಲ್ಲಿ ‘ವಿಜಯಾ’ ಎನಿಸಿಕೊಳ್ಳುವ ಭಂಗಿಯನ್ನು ಬಳಸಿ ಔಷಧಿ ತಯಾರಿಸಲು ಆಯುಷ್ ಪರವಾನಗಿ ಅಗತ್ಯ. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದು ಎಂಬ ಎಚ್ಚರಿಕೆಯನ್ನು ಚೀಟಿಯ ಮೇಲೆ ಮುದ್ರಿಸಬೇಕು. ಬೆಂಗಳೂರಿನಲ್ಲಿ ಭಾಂಗ್ ಪೊಟ್ಟಣಗಳೊಂದಿಗೆ 2022ರ ಜೂನ್‌ನಲ್ಲಿ ಬಂಧಿತನಾದ ವ್ಯಕ್ತಿಯೊಬ್ಬನಿಗೆ, ಭಾಂಗ್ 1985ರ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕಂಡು ಕರ್ನಾಟಕ ಹೈಕೋರ್ಟು ಆಗಸ್ಟ್‌ನಲ್ಲಿ ಜಾಮೀನು ನೀಡಿತು. ಇದನ್ನು ಕೆಲವರು ವ್ಯಾಪಾರಕ್ಕೆ ಸಿಕ್ಕ ಪರವಾನಗಿಯೆಂಬಂತೆ ಆಡಿಕೊಂಡರು. ಅದು ಜಾಮೀನಿನ ಆದೇಶ. ರಾಜ್ಯದ ಅಬಕಾರಿ ಕಾಯ್ದೆಯ ಹಂಗಿನಿಂದ ಎಲೆಯನ್ನು ಅದು ಬಿಡಿಸಿದ್ದಲ್ಲ. ಆ ಆದೇಶ ಬರುವವರೆಗೆ ಆ ಮನುಷ್ಯ ಸೆರೆಯಲ್ಲಿಯೇ ಇದ್ದನೆಂಬುದನ್ನೂ ಮರೆಯಲಾಗದು.

ಕೊನೆಗೆ ಹೆಸರಿನ ಗೊಂದಲವೊಂದಿದೆ. ಹಸಿರೆಲೆ ಗೊಬ್ಬರಕ್ಕೆ ನಮ್ಮ ರೈತರು ಬಿತ್ತುವ ಸೆಣಬಿಗೆ ಇಂಗ್ಲಿಷಿನಲ್ಲಿ ‘ಸನ್ ಹೆಂಪ್’ ಎನ್ನುತ್ತಾರೆ. ಪುಂಡಿಯ ನಾರು ‘ಡೆಕ್ಕನ್ ಹೆಂಪ್’ ಎಂದು ಕರೆಯಲ್ಪಡುತ್ತದೆ. ಇವೆರಡಕ್ಕೂ ಭಂಗಿ ಗಿಡಕ್ಕೂ ಯಾವ ನಂಟೂ ಇಲ್ಲ, ಇವುಗಳನ್ನು ಬೆಳೆಯಲು ಅಡ್ಡಿಯೂ ಇಲ್ಲ. ದೂರದ ಖರೀದಿದಾರರಿಂದ ‘ಹೆಂಪ್ ಬೀಜ’ವೆಂದಷ್ಟೇ ಬರೆದ ಆರ್ಡರು ಬಂದಾಗ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಯಾಗಲಿ, ಹತ್ತಿಮತ್ತೂರಿನ ಕಾಳುಕಡಿ ಅಂಗಡಿಯವರಾಗಲಿ, ಬೆಳೆಯ ಸಸ್ಯಶಾಸ್ತ್ರೀಯ ಹೆಸರನ್ನು ಪತ್ರದ ಮೂಲಕ ಕೇಳಿ ತಿಳಿದು, ಅದೇ ಹೆಸರನ್ನು ಬಿಲ್ಲಿನಲ್ಲಿಯೂ ಸಾಗಾಣಿಕೆ ಚೀಟಿಯಲ್ಲಿಯೂ ಬರೆಯಿಸುವುದು ಒಳಿತು. ಸೆಣಬಾದರೆ ಕ್ರೊಟಲೇರಿಯಾ ಜುನ್ಸಿಯಾ, ಪುಂಡಿಯಾದರೆ ಹಿಬಿಸ್ಕಸ್ ಕ್ಯಾನಬಿನಸ್. ಈ ಎರಡನೆಯ ಹೆಸರಿನ ಕೊನೆಯ ಪದವನ್ನು ಮಾತ್ರ ಓದಿ ಚೆಕ್‌ಪೋಸ್ಟಿನಲ್ಲಿ ಯಾರಾದರೂ ಹುಬ್ಬೇರಿಸಿದರೆ, ಅದು ಪುಂಡಿಪಲ್ಯದ ಬಳಗಕ್ಕೆ ಸೇರಿದ ಗಿಡವೆಂದು ತೋರಿಸಲು ಒಂದಿಷ್ಟು ಎಲೆ ಜೊತೆಗಿದ್ದರೂ ಆದೀತು.