ದಾವಣಗೆರೆ ಎಕ್ಸ್‌ಪ್ರೆಸ್: ಬೌಲರ್‌ನಿಂದ ಕೋಚ್‌ವರೆಗೆ

ಅತಿವೇಗವಿಲ್ಲದ ಬೌಲರೊಬ್ಬರು ಪ್ರಥಮ ದರ್ಜೆಯಲ್ಲಿ,
ಅಂದರೆ ಹಲವು ದಿನ ನಡೆಯುವ ಪಂದ್ಯಗಳಲ್ಲಿ,
500ಕ್ಕೂ ಹೆಚ್ಚು ವಿಕೆಟ್ ಪಡೆದದ್ದು ಹೇಗೆ?

1984ರಲ್ಲಿ ದಾವಣಗೆರೆಯಲ್ಲಿ ಜನಿಸಿ, ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದ ಆರ್. ವಿನಯ್ ಕುಮಾರ್,
ಚೆಂಡನ್ನು ಗಾಳಿಯಲ್ಲೇ ಬಾಗಿಸುವ ಸ್ವಿಂಗ್ ಕಲೆಯನ್ನು ನೆಚ್ಚಿಕೊಂಡು,
ಮಗ್ಗದಲ್ಲಿ ಲಾಳಿ ಓಡುವಂತೆ ದಾರಿ ತಪ್ಪದೆ ಬೌಲ್ ಮಾಡಿದರು.

ಅವರ ನಾಯಕತ್ವದಲ್ಲಿ ಕರ್ನಾಟಕವು
2013–14 ಮತ್ತು 2014–15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದಿತು;
ತಮಿಳುನಾಡಿನ ವಿರುದ್ಧದ ಎರಡನೆಯ ಫೈನಲ್‌ನಲ್ಲಿ
ಅವರು ಒಂದೇ ಇನ್ನಿಂಗ್ಸ್‌ನಲ್ಲಿ 5 ವಿಕೆಟ್ ಕಿತ್ತು,
ಬಳಿಕ ಅಜೇಯ 105 ರನ್ ಗಳಿಸಿದ್ದು
ನಾಯಕನೊಬ್ಬನ ಅಪರೂಪದ ಸಾಧನೆ.

ಭಾರತದ ಪರ ಆಡಿದ್ದು ಒಂದೇ ಟೆಸ್ಟ್, 2012ರಲ್ಲಿ, ಪರ್ತ್‌ನಲ್ಲಿ;
ಅದೊಂದರಿಂದ ಅವರನ್ನು ಅಳೆಯುವುದು ಅನ್ಯಾಯ.

2021ರಲ್ಲಿ ನಿವೃತ್ತರಾದ ಅವರು
ಮುಂಬೈ ಇಂಡಿಯನ್ಸ್‌ನ ಪ್ರತಿಭಾನ್ವೇಷಣಾ ತಂಡವನ್ನು ಸೇರಿ,
ಮುಂದೆ ಅದರ ಯುಎಇ ಸೋದರ ತಂಡ ಎಂಐ ಎಮಿರೇಟ್ಸ್‌ನ ಬೌಲಿಂಗ್ ಕೋಚ್ ಆದರು.

ದಾವಣಗೆರೆ, ಹರಿಹರದ ಎಳೆಯ ಬೌಲರ್‌ಗಳು
ಅವರ ಬೌಲಿಂಗನ್ನು ಗಮನವಿಟ್ಟು ನೋಡಬೇಕು.