ಪ್ಲಗ್ ಪಾಯಿಂಟ್‌ನಲ್ಲೇ ಇಂಟರ್‌ನೆಟ್!

ರೂಟರ್ ಕೆಳಗಡೆ ಹಾಲ್‌ನಲ್ಲಿ, ಮಗಳು ಓದೋ ಕೋಣೆ ಮಹಡಿಯಲ್ಲಿ. ಆನ್‌ಲೈನ್ ಪರೀಕ್ಷೆ ಅರ್ಧಕ್ಕೆ ಬಂದಾಗಲೇ ವೈಫೈ ಕೈಕೊಡುತ್ತೆ. ಗೋಡೆ ಕೊರೆಸಿ ಕೇಬಲ್ ಎಳೆಸೋಣ ಅಂದ್ರೆ ಬಾಡಿಗೆ ಮನೆ, ಓನರ್ ಒಪ್ಪಲ್ಲ. ನಿಮ್ಮನೆ ಕಥೆಯೂ ಇದೇನಾ? ಗೋಡೆಯೊಳಗೆ ಈಗಾಗಲೇ ಇರುವ ಕರೆಂಟ್ ವೈರನ್ನೇ ಬಳಸಿಕೊಳ್ಳಿ.

ಬೇಕಾದದ್ದು ಒಂದು ಜೋಡಿ ಪವರ್‌ಲೈನ್ ಅಡಾಪ್ಟರ್. ಒಂದನ್ನು ರೂಟರ್ ಪಕ್ಕದ ಪ್ಲಗ್‌ಗೆ ಹಾಕಿ, ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ. ಇನ್ನೊಂದನ್ನು ಮಹಡಿ ಕೋಣೆಯ ಪ್ಲಗ್‌ಗೆ ಹಾಕಿ, ಕಂಪ್ಯೂಟರ್‌ಗೆ ಕೇಬಲ್ ಕೊಡಿ. ಕರೆಂಟ್ ಹರಿಯುವುದು 50 ಹರ್ಟ್ಸ್‌ನಲ್ಲಿ. ಡೇಟಾ ಹೋಗುವುದು ಹತ್ತಾರು ಲಕ್ಷ ಹರ್ಟ್ಸ್‌ನಲ್ಲಿ. ಹಾಗಾಗಿ ಒಂದೇ ತಂತಿಯಲ್ಲಿದ್ದರೂ ಎರಡೂ ಬೆರೆಯುವುದಿಲ್ಲ.

ಇಷ್ಟು ನೆನಪಿಡಿ:

* ಅಡಾಪ್ಟರ್ ನೇರವಾಗಿ ಗೋಡೆಯ ಸಾಕೆಟ್‌ಗೇ ಹೋಗಲಿ. ಎಕ್ಸ್‌ಟೆನ್ಷನ್ ಬಾಕ್ಸ್, ಸ್ಪೈಕ್ ಬಸ್ಟರ್ ಸಿಗ್ನಲ್ಲನ್ನು ನುಂಗಿಬಿಡುತ್ತವೆ.

* ಮನೆಗೆ 3 ಫೇಸ್ ಇದ್ದರೆ, ಎರಡೂ ಪ್ಲಗ್ ಒಂದೇ ಫೇಸ್‌ನಲ್ಲಿವೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ತಿಳಿದುಕೊಳ್ಳಿ. ಬೇರೆ ಬೇರೆಯಾದರೆ ವೇಗ ಕುಸಿಯಬಹುದು, ಸಂಪರ್ಕವೇ ಸಿಗದೆಯೂ ಇರಬಹುದು.

* ಮಿಕ್ಸಿ ತಿರುಗುವಾಗ ವೇಗ ಇಳಿದರೆ ಗಾಬರಿ ಬೇಡ. ಅದರ ಮೋಟಾರು ತಂತಿಯಲ್ಲಿ ಗದ್ದಲ ಎಬ್ಬಿಸುತ್ತೆ.

* ಡಬ್ಬದ ಮೇಲಿನ 1000 ಎಂಬಿಪಿಎಸ್ ನೋಡಿ ಮರುಳಾಗಬೇಡಿ. ಮೂರನೇ ಒಂದು ಭಾಗ ಸಿಕ್ಕರೂ ಪುಣ್ಯ! ಪಾಠಕ್ಕೆ, ಸಿನಿಮಾಕ್ಕೆ ಅದು ಧಾರಾಳ.

* ಪೇರ್ ಬಟನ್ ತಪ್ಪದೆ ಒತ್ತಿ. ಅಪಾರ್ಟ್‌ಮೆಂಟ್‌ಗಳಲ್ಲಿ ಸಿಗ್ನಲ್ ಪಕ್ಕದ ಮನೆಗೂ ದಾಟಬಹುದು. ಬಟನ್ ಒತ್ತಿದರೆ ನಿಮ್ಮ ಜೋಡಿಗೇ ಪ್ರತ್ಯೇಕ ಬೀಗ ಬೀಳುತ್ತೆ.

ಹಳೇ ವೈರಿಂಗ್‌ನಲ್ಲಿ ಎಷ್ಟು ವೇಗ ಸಿಗುತ್ತೆ ಅನ್ನೋದು ಹಾಕಿ ನೋಡಿದರೇ ಗೊತ್ತಾಗೋದು. ಆದ್ದರಿಂದ ವಾಪಸ್ ತಗೊಳ್ಳೋ ಅಂಗಡಿಯಲ್ಲೇ ಕೊಳ್ಳಿ, ಬಿಲ್ ಜೋಪಾನವಾಗಿಡಿ.