ಪದೇ ಪದೇ ಗರ್ಭಪಾತ: ವರ್ಣತಂತುವಿನ ಕಾರಣ, ತಾಯ್ತನದ ಭರವಸೆ

ಹಲವು ಮನೆಗಳಲ್ಲಿ ಹೊರಗೆ ಹೇಳಿಕೊಳ್ಳಲಾಗದ ದುಃಖವೊಂದಿರುತ್ತದೆ. ಸೊಸೆ ಗರ್ಭವತಿಯಾದಳೆಂದು ಎಲ್ಲರೂ ಸಂತೋಷಪಡುವಷ್ಟರಲ್ಲಿ ಎರಡನೆಯ ಅಥವಾ ಮೂರನೆಯ ತಿಂಗಳಲ್ಲಿ ಗರ್ಭ ಜಾರುತ್ತದೆ. ಮರುವರ್ಷವೂ ಹಾಗೆಯೇ ಆಗುತ್ತದೆ. ಮೂರನೆಯ ಸಲವೂ ಅದೇ ಆದಾಗ ಮನೆಯವರ ಮಾತಿನ ಧಾಟಿ ಬದಲಾಗುತ್ತದೆ. ಆಕೆ ಕೊಡ ಹೊತ್ತಳು, ಪಪ್ಪಾಯಿ ತಿಂದಳು, ಬಸ್ಸಿನಲ್ಲಿ ತವರಿಗೆ ಹೋದಳು ಎಂದು ಕಾರಣಗಳನ್ನು ಹುಡುಕತೊಡಗುತ್ತಾರೆ. ಓರಗಿತ್ತಿಗೆ ಉಡಿ ತುಂಬುವಾಗ ಆಕೆಯನ್ನು ಮುಂದೆ ಬರಗೊಡುವುದಿಲ್ಲ. ಕೆಲವು ಮನೆಗಳಲ್ಲಿ ಮಗನಿಗೆ ಮತ್ತೊಂದು ಸಂಬಂಧ ನೋಡುವ ಮಾತೂ ಏಳುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಗಂಡನ ರಕ್ತವನ್ನು ಒಮ್ಮೆಯಾದರೂ ಪರೀಕ್ಷಿಸಿರುವುದಿಲ್ಲ.

ಪದೇ ಪದೇ ಆಗುವ ಗರ್ಭಪಾತಕ್ಕೆ ಕಾರಣಗಳು ಅನೇಕ. ಅವುಗಳಲ್ಲಿ ಜನರಿಗೆ ಅತ್ಯಂತ ಕಡಿಮೆ ತಿಳಿದಿರುವ ಒಂದು ಕಾರಣವನ್ನು ಈ ಸಂಚಿಕೆಯಲ್ಲಿ ವಿವರಿಸಲು ನಾವು ಬಯಸುತ್ತೇವೆ. ಅದು ವರ್ಣತಂತುಗಳಲ್ಲಿನ, ಅಂದರೆ ಕ್ರೋಮೋಸೋಮುಗಳಲ್ಲಿನ, ಆನುವಂಶಿಕ ಬದಲಾವಣೆ. ಅದು ಹೆಂಡತಿಯಲ್ಲಿ ಇರಬಹುದು, ಗಂಡನಲ್ಲಿಯೂ ಇರಬಹುದು. ಅದು ಯಾರ ತಪ್ಪೂ ಅಲ್ಲ. ಅದು ಪತ್ತೆಯಾದ ಬಹುಪಾಲು ದಂಪತಿಗಳಿಗೆ ಮುಂದೆ ಆರೋಗ್ಯವಂತ ಮಗು ಹುಟ್ಟುತ್ತದೆ.

ಶಾಸ್ತ್ರವು ಹೇಳಿದ ನಾಲ್ಕು ಅಂಗಗಳು

ಗರ್ಭ ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಸರಿಯಾಗಿರಬೇಕೆಂದು ಸುಶ್ರುತಾಚಾರ್ಯರು ಶಾರೀರಸ್ಥಾನದಲ್ಲಿ ವಿವರಿಸಿದ್ದಾರೆ. ಋತುವೆಂದರೆ ಕಾಲ, ಕ್ಷೇತ್ರವೆಂದರೆ ಗರ್ಭಾಶಯ, ಅಂಬುವೆಂದರೆ ಪೋಷಕ ರಸ, ಬೀಜವೆಂದರೆ ಸ್ತ್ರೀಪುರುಷರಿಬ್ಬರ ಬೀಜ. ನಾಲ್ಕನೆಯ ತಿಂಗಳವರೆಗೆ ಗರ್ಭ ಹೋದರೆ ಅದನ್ನು ಗರ್ಭಸ್ರಾವವೆಂದೂ, ಐದು ಮತ್ತು ಆರನೆಯ ತಿಂಗಳುಗಳಲ್ಲಿ ಹೋದರೆ ಗರ್ಭಪಾತವೆಂದೂ ಅವರು ಭೇದ ಮಾಡಿದ್ದಾರೆ. ಇಂದಿನ ರೂಢಿಯಂತೆ ನಾವು ಎರಡನ್ನೂ ಗರ್ಭಪಾತವೆಂದೇ ಕರೆದಿದ್ದೇವೆ.

ಚರಕಸಂಹಿತೆಯ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವಗಳ ದೋಷದ ವಿಚಾರ ಬರುತ್ತದೆ. ಸಂತಾನವು ಉಳಿಯದಿರುವ ದೋಷವನ್ನು ಅಲ್ಲಿ ಸ್ತ್ರೀಗೆ ಹೇಳಿದಂತೆಯೇ ಪುರುಷನಿಗೂ ಹೇಳಲಾಗಿದೆ. ಆಚಾರ್ಯರು ವರ್ಣತಂತುಗಳನ್ನು ಕಂಡಿದ್ದರೆಂದು ನಾವು ವಾದಿಸುವುದಿಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅವು ಕಾಣುವಂಥವಲ್ಲ. ಆದರೆ ಗರ್ಭ ಹೋದಾಗ ಕ್ಷೇತ್ರವನ್ನು ಮಾತ್ರ ದೂಷಿಸದೆ ಇಬ್ಬರ ಬೀಜವನ್ನೂ ವಿಚಾರಿಸಬೇಕೆಂಬ ವಿವೇಕ ಅವರಲ್ಲಿತ್ತು. ಅದು ನಮ್ಮ ಮನೆಗಳಿಗೆ ಇನ್ನೂ ತಲುಪಬೇಕಾಗಿದೆ.

ತಾಳೆಗರಿಯ ಕಟ್ಟುಗಳ ದೃಷ್ಟಾಂತ

ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿಯೂ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. 1956ರಲ್ಲಿ ಟಿಜಿಯೋ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಈ ಸಂಖ್ಯೆಯನ್ನು ಖಚಿತಪಡಿಸಿದರು. ಇವು 23 ಜೋಡಿಗಳಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದಿರುತ್ತದೆ.

ಇದನ್ನು ಮಠದ ಗ್ರಂಥಭಂಡಾರಕ್ಕೆ ಹೋಲಿಸಬಹುದು. ಅಲ್ಲಿ 23 ಗ್ರಂಥಗಳಿದ್ದು, ಪ್ರತಿಯೊಂದಕ್ಕೂ ಎರಡೆರಡು ತಾಳೆಗರಿಯ ಕಟ್ಟುಗಳಿವೆ ಎಂದು ಭಾವಿಸೋಣ. ಎಂದೋ ಕಟ್ಟು ಬಿಚ್ಚಿ ಕಟ್ಟುವಾಗ ನಾಲ್ಕನೆಯ ಗ್ರಂಥದ ಒಂದು ಕಟ್ಟಿನ ಕೆಲವು ಗರಿಗಳು ಎಂಟನೆಯದರ ಒಂದು ಕಟ್ಟಿಗೆ ಸೇರಿದವು. ಎಂಟನೆಯದರ ಗರಿಗಳು ನಾಲ್ಕನೆಯದಕ್ಕೆ ಬಂದವು. ಭಂಡಾರದಲ್ಲಿ ಒಂದು ಗರಿಯೂ ಕಳೆದಿಲ್ಲ, ಒಂದೂ ಹೆಚ್ಚಾಗಿಲ್ಲ. ಆದುದರಿಂದ ಆ ಭಂಡಾರಕ್ಕೆ ಯಾವ ಕೊರತೆಯೂ ಇಲ್ಲ. ವರ್ಣತಂತುಗಳಲ್ಲಿ ಹೀಗಾಗುವುದನ್ನು ಸಮತೋಲಿತ ಸ್ಥಾನಪಲ್ಲಟ ಅಥವಾ ಬ್ಯಾಲೆನ್ಸ್ಡ್ ಟ್ರಾನ್ಸ್‌ಲೊಕೇಶನ್ ಎನ್ನುತ್ತಾರೆ. ಅದುಳ್ಳವರು ಸಾಮಾನ್ಯವಾಗಿ ಪೂರ್ಣ ಆರೋಗ್ಯದಿಂದಿರುತ್ತಾರೆ. ತಮ್ಮಲ್ಲಿ ಅದಿದೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಸುಮಾರು 500 ಜನರಲ್ಲಿ ಒಬ್ಬರಲ್ಲಿ ಇಂತಹ ಪಲ್ಲಟವಿರುತ್ತದೆ.

ತೊಡಕು ಬರುವುದು ಸಂತಾನದ ಸಮಯದಲ್ಲಿ. ಮಗುವಿಗೆ ಪ್ರತಿ ಗ್ರಂಥದ ಒಂದೊಂದು ಕಟ್ಟನ್ನು ಮಾತ್ರ ಕೊಡಬೇಕು. ಅದಲುಬದಲಾಗದ ಎರಡು ಕಟ್ಟುಗಳು ಒಟ್ಟಿಗೆ ಹೋದರೆ ಮಗು ಸರಿಯಾಗಿರುತ್ತದೆ. ಅದಲುಬದಲಾದ ಎರಡೂ ಒಟ್ಟಿಗೆ ಹೋದರೂ ಸರಿಯೇ. ಆ ಮಗುವೂ ತಂದೆ ಅಥವಾ ತಾಯಿಯಂತೆ ಆರೋಗ್ಯವಂತ ವಾಹಕವಾಗುತ್ತದೆ. ಆದರೆ ಅದಲುಬದಲಾದ ಒಂದು, ಆಗದ ಒಂದು ಸೇರಿ ಹೋದರೆ ಕೆಲವು ಗರಿಗಳು ಹೆಚ್ಚಾಗುತ್ತವೆ, ಕೆಲವು ಇಲ್ಲವಾಗುತ್ತವೆ. ಅಂತಹ ಪಿಂಡವು ಹೆಚ್ಚಾಗಿ ಬೆಳೆಯಲಾರದೆ ಮೊದಲ ತಿಂಗಳುಗಳಲ್ಲಿಯೇ ಹೋಗುತ್ತದೆ. ಯಾವ ಕಟ್ಟು ಯಾವುದರೊಡನೆ ಹೋಗುವುದೆಂಬುದು ಗರ್ಭ ನಿಲ್ಲುವ ಮೊದಲೇ, ಬೀಜ ರೂಪುಗೊಳ್ಳುವಾಗ, ತೀರ್ಮಾನವಾಗಿರುತ್ತದೆ. ಆಮೇಲೆ ಆಕೆ ಕೊಡ ಹೊತ್ತಿದ್ದರಿಂದಾಗಲಿ, ಬಸ್ಸಿನಲ್ಲಿ ಕುಳಿತಿದ್ದರಿಂದಾಗಲಿ ಅದು ಬದಲಾಗುವುದಿಲ್ಲ. ಮೂರು ತಿಂಗಳು ಹಾಸಿಗೆಯಲ್ಲಿ ಮಲಗಿಸಿದರೂ ಅದು ಸರಿಹೋಗುವುದಿಲ್ಲ.

ಎಲ್ಲ ಗರ್ಭಪಾತಕ್ಕೂ ಇದೇ ಕಾರಣವಲ್ಲ

ಇಲ್ಲಿ ಒಂದು ಎಚ್ಚರ ಅಗತ್ಯ. ಗರ್ಭ ನಿಂತಿದೆಯೆಂದು ತಿಳಿದ ಮೇಲೂ 100ರಲ್ಲಿ ಸುಮಾರು 15 ಗರ್ಭಗಳು ಹೋಗುತ್ತವೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಪಿಂಡದ ವರ್ಣತಂತುಗಳ ಸಂಖ್ಯೆಯಲ್ಲಿನ ಆಕಸ್ಮಿಕ ವ್ಯತ್ಯಾಸವೇ ಕಾರಣ. ಅಂಥ ಪ್ರಸಂಗಗಳಲ್ಲಿ ತಂದೆತಾಯಿಗಳ ವರ್ಣತಂತುಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ತಾಯಿಯ ವಯಸ್ಸು 35 ದಾಟಿದಂತೆ ಈ ವ್ಯತ್ಯಾಸ ಹೆಚ್ಚುತ್ತದೆ. ಒಮ್ಮೆ ಹೀಗಾದರೆ ಹೆದರಬೇಕಾಗಿಲ್ಲ.

ಎರಡು ಅಥವಾ ಹೆಚ್ಚು ಬಾರಿ ಆದಾಗ ವಿಚಾರಣೆ ಬೇಕು. ಹಾಗಾದ ದಂಪತಿಗಳಲ್ಲಿ 100ಕ್ಕೆ ಸುಮಾರು 2ರಿಂದ 5 ದಂಪತಿಗಳಲ್ಲಿ ಇಬ್ಬರಲ್ಲೊಬ್ಬರಿಗೆ ಸ್ಥಾನಪಲ್ಲಟ ಕಂಡುಬರುತ್ತದೆ. ಉಳಿದವರಲ್ಲಿ ಥೈರಾಯ್ಡ್ ದೋಷ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಗರ್ಭಾಶಯದ ನಡುವೆ ಪರದೆಯಿರುವುದು, ಆಂಟಿಫಾಸ್ಫೊಲಿಪಿಡ್ ಎಂಬ ರಕ್ತ ಹೆಪ್ಪುಗಟ್ಟಿಸುವ ದೋಷ ಮುಂತಾದವು ಇರಬಹುದು. ಆಂಟಿಫಾಸ್ಫೊಲಿಪಿಡ್ ದೋಷವು ಹುಟ್ಟಿನಿಂದ ಬಂದುದಲ್ಲ. ಅದಕ್ಕೆ ಆಸ್ಪಿರಿನ್ ಮತ್ತು ಹೆಪಾರಿನ್ ಚಿಕಿತ್ಸೆ ಉಪಯುಕ್ತ. ಎಷ್ಟೋ ದಂಪತಿಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಅವರಲ್ಲಿಯೂ ಹೆಚ್ಚಿನವರಿಗೆ ಮುಂದೆ ಮಗುವಾಗುತ್ತದೆ.

ಪರೀಕ್ಷೆ ಹೇಗೆ?

ಈ ಪಲ್ಲಟವನ್ನು ಗುರುತಿಸುವ ಪರೀಕ್ಷೆಗೆ ಕ್ಯಾರಿಯೋಟೈಪ್ ಎಂದು ಹೆಸರು. ಗಂಡ ಹೆಂಡತಿ ಇಬ್ಬರಿಂದಲೂ ಕೆಲವು ಮಿಲಿಲೀಟರ್ ರಕ್ತವನ್ನು ತೋಳಿನಿಂದ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಸುಮಾರು ಮೂರು ದಿನ ರಕ್ತದ ಕೋಶಗಳನ್ನು ಬೆಳೆಸಿ, ಬಣ್ಣ ಹಾಕಿ, ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಜೋಡಿಸಿ ನೋಡುತ್ತಾರೆ. ವರದಿ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಇದಕ್ಕೆ ಉಪವಾಸ ಬೇಕಿಲ್ಲ. ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು.

ಮತ್ತೊಮ್ಮೆ ಗರ್ಭಪಾತವಾಗುವ ದುಃಖ ಬಂದೊದಗಿದರೆ, ಹೊರಬಂದ ಪಿಂಡದ ಅಂಶವನ್ನು ವರ್ಣತಂತು ಪರೀಕ್ಷೆಗೆ ಕಳುಹಿಸಲಾಗುವುದೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಅದನ್ನು ಫಾರ್ಮಲಿನ್‌ನಲ್ಲಿ ಹಾಕಿದರೆ ಕೋಶಗಳನ್ನು ಬೆಳೆಸಲು ಬರುವುದಿಲ್ಲ. ಶುದ್ಧ ಸಲೈನ್‌ನಲ್ಲಿ ಬೇಗನೆ ಕಳುಹಿಸಬೇಕು.

"ಪರೀಕ್ಷೆ ಅವಳಿಗೆ ಮಾಡಿಸಿ, ನನಗೇಕೆ?" ಎನ್ನುವ ಗಂಡಂದಿರನ್ನು ನಾವು ನಮ್ಮ ವೃತ್ತಿಯಲ್ಲಿ ಬಹಳ ನೋಡಿದ್ದೇವೆ. ಅರ್ಧ ಬೀಜ ತನ್ನದೆಂಬುದನ್ನು ಒಪ್ಪುವವನು ಅರ್ಧ ಪರೀಕ್ಷೆಯನ್ನೂ ಒಪ್ಪಬೇಕು. ಪಲ್ಲಟವಿದ್ದ ಮಾತ್ರಕ್ಕೆ ಪುರುಷತ್ವಕ್ಕಾಗಲಿ ಸ್ತ್ರೀತ್ವಕ್ಕಾಗಲಿ ಕುಂದಿಲ್ಲ.

ದೋಷ ಕಂಡರೆ ಮುಂದೇನು?

ವರದಿಯಲ್ಲಿ ಪಲ್ಲಟವಿದೆಯೆಂದು ಬಂದಾಗ ಕೆಲವರು ಎಲ್ಲವೂ ಮುಗಿಯಿತೆಂದು ಕುಸಿಯುತ್ತಾರೆ. ಅಂಥವರು ಈ ಅಂಕಿಗಳನ್ನು ಅರಿಯಬೇಕು. ನೆದರ್ಲೆಂಡ್ಸ್ ದೇಶದಲ್ಲಿ ಎರಡು ಅಥವಾ ಹೆಚ್ಚು ಗರ್ಭಪಾತವಾದ ದಂಪತಿಗಳನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ವರ್ಣತಂತುವಿನ ದೋಷವನ್ನು ಹೊತ್ತ ದಂಪತಿಗಳಲ್ಲಿ 100ಕ್ಕೆ 83 ಮಂದಿಗೂ, ದೋಷವಿಲ್ಲದವರಲ್ಲಿ 84 ಮಂದಿಗೂ ಕನಿಷ್ಠ ಒಂದು ಆರೋಗ್ಯವಂತ ಮಗುವಾಗಿತ್ತು. ವ್ಯತ್ಯಾಸವಿದ್ದುದು ದಾರಿಯಲ್ಲಿ: ದೋಷವುಳ್ಳವರಿಗೆ ನಡುವೆ ಗರ್ಭಪಾತಗಳು ಹೆಚ್ಚಾಗಿದ್ದವು. ಆದುದರಿಂದ ಅವರಿಗೆ ಬೇಕಾದುದು ಧೈರ್ಯ ಮತ್ತು ಮನೆಯವರ ತಾಳ್ಮೆ.

ಇದಕ್ಕೊಂದು ಅಪವಾದವುಂಟು. ಒಂದೇ ಸಂಖ್ಯೆಯ ಎರಡೂ ವರ್ಣತಂತುಗಳು, ಉದಾಹರಣೆಗೆ ಎರಡು 21ನೆಯವು, ಒಂದಕ್ಕೊಂದು ಬೆಸೆದುಕೊಂಡಿರುವುದು ಬಹಳ ಅಪರೂಪ. ಅಂಥವರಿಗೆ ಸ್ವಂತ ಬೀಜದಿಂದ ಆರೋಗ್ಯವಂತ ಮಗುವಾಗುವ ಆಸೆ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ವರದಿಯ ಅರ್ಥವನ್ನು ತಾವೇ ಊಹಿಸದೆ ಆನುವಂಶಿಕ ತಜ್ಞರಿಂದ ತಿಳಿಯಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಮುಂತಾದೆಡೆ ಇಂತಹ ತಜ್ಞರಿದ್ದಾರೆ.

ಮತ್ತೆ ಗರ್ಭ ನಿಂತಾಗ ಸುಮಾರು 11ರಿಂದ 13ನೆಯ ವಾರದಲ್ಲಿ ಮಾಸಿನ ಅಂಶವನ್ನು, ಅಥವಾ 15ನೆಯ ವಾರದ ನಂತರ ಗರ್ಭಜಲವನ್ನು ಸೂಜಿಯಿಂದ ತೆಗೆದು ಮಗುವಿನ ವರ್ಣತಂತುಗಳನ್ನು ನೋಡಬಹುದು. ಪರಿಣತರ ಕೈಯಲ್ಲಿ ಇದರಿಂದ ಗರ್ಭ ಹೋಗುವ ಭಯ 100ಕ್ಕೆ ಒಂದಕ್ಕಿಂತ ಕಡಿಮೆ. 1994ರ ಪ್ರಸವಪೂರ್ವ ಪರೀಕ್ಷಾ ಕಾಯಿದೆಯು ಎರಡು ಅಥವಾ ಹೆಚ್ಚು ಗರ್ಭಪಾತವಾದ ತಾಯಿಗೆ ಇಂತಹ ಪರೀಕ್ಷೆಯನ್ನು ಅನುಮತಿಸುತ್ತದೆ. ಆದರೆ ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ಪ್ರನಾಳ ಶಿಶು ವಿಧಾನದಲ್ಲಿ ಪಿಂಡಗಳನ್ನು ಪರೀಕ್ಷಿಸಿ, ಸರಿಯಿರುವುದನ್ನು ಮಾತ್ರ ಗರ್ಭಾಶಯದಲ್ಲಿರಿಸುವ ಕ್ರಮವೂ ಇದೆ. ಇದರಿಂದ ಗರ್ಭಪಾತಗಳು ಕಡಿಮೆಯಾಗಬಹುದು. ಆದರೆ ಸಹಜ ಗರ್ಭಧಾರಣೆಗಿಂತ ಇದರಲ್ಲಿ ಮಗುವಾಗುವ ಒಟ್ಟು ಸಾಧ್ಯತೆ ಹೆಚ್ಚೆಂದು ಸಾಬೀತಾಗಿಲ್ಲ. ಖರ್ಚು ಲಕ್ಷಗಳಲ್ಲಿದೆ. ಹೊಲ ಮಾರಿ ಇದಕ್ಕೆ ಹೋಗುವ ಮುನ್ನ ತಜ್ಞರೊಡನೆ ಎರಡು ಬಾರಿ ಮಾತಾಡಿರಿ.

ಬೇಡದ ಪರೀಕ್ಷೆ, ಬೇಡದ ಔಷಧಿ

ದುಃಖದಲ್ಲಿರುವವರಿಗೆ ಏನನ್ನಾದರೂ ಮಾರುವುದು ಸುಲಭ. ಎಂಟಿಎಚ್‌ಎಫ್‌ಆರ್ ಎಂಬ ವಂಶವಾಹಿಯ ಪರೀಕ್ಷೆ ಮಾಡಿಸಿ, ದೋಷವಿದೆಯೆಂದು ಹೆದರಿದವರು ಅನೇಕರಿದ್ದಾರೆ. ಆ ವ್ಯತ್ಯಾಸವು ಆರೋಗ್ಯವಂತ ಜನರಲ್ಲಿಯೂ ಬಹಳ ಸಾಮಾನ್ಯ. ಗರ್ಭಪಾತಕ್ಕಾಗಿ ಆ ಪರೀಕ್ಷೆ ಬೇಡವೆಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಕಾಲೇಜು 2013ರಲ್ಲಿಯೇ ಹೇಳಿದೆ. ಹುಟ್ಟಿನಿಂದ ಬಂದ ರಕ್ತ ಹೆಪ್ಪುಗಟ್ಟುವ ದೋಷಗಳಿಗೆ ದಿನವೂ ಹೆಪಾರಿನ್ ಚುಚ್ಚುಮದ್ದು ಕೊಡುವ ರೂಢಿಯೂ ಇದೆ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚುಚ್ಚುಮದ್ದು ಪಡೆದವರಲ್ಲಿ 100ಕ್ಕೆ 72, ಪಡೆಯದವರಲ್ಲಿ 71 ಮಂದಿಗೆ ಮಗುವಾಯಿತು, ಪ್ರಯೋಜನ ಕಾಣಲಿಲ್ಲ. ಆದರೂ ಈಗಾಗಲೇ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸಬಾರದು. ಅದಕ್ಕೆ ಬೇರೆ ಕಾರಣವಿರಬಹುದು.

ನಮ್ಮ ಪದ್ಧತಿಯ ವಿಷಯದಲ್ಲಿಯೂ ಅಷ್ಟೇ ನೇರವಾಗಿ ಹೇಳಬೇಕು. ಪಲ್ಲಟಗೊಂಡ ವರ್ಣತಂತುವನ್ನು ಸರಿಪಡಿಸುವ ಕಷಾಯವಾಗಲಿ, ಘೃತವಾಗಲಿ, ಭಸ್ಮವಾಗಲಿ ಇಲ್ಲ. ಹಾಗೆಂದು ಹೇಳಿ ಔಷಧಿ ಕೊಡುವವರನ್ನು ನಂಬಬೇಡಿರಿ. ಗರ್ಭ ನಿಂತ ಮೇಲೆ ಹೆಸರು ತಿಳಿಯದ ಪುಡಿ, ಭಸ್ಮ, ಪಾದರಸ ಸೇರಿದ ಮದ್ದು ಸೇವಿಸಬಾರದು. ವಮನ, ವಿರೇಚನಗಳು ಸಲ್ಲವು. ಆಯುರ್ವೇದವು ಕ್ಷೇತ್ರ ಮತ್ತು ಅಂಬುಗಳನ್ನು ಚೆನ್ನಾಗಿಡಲು ನೆರವಾಗುತ್ತದೆ. ಹಾಲು, ತುಪ್ಪ, ಹೆಸರುಬೇಳೆ, ಸೊಪ್ಪು, ಋತುವಿಗೆ ತಕ್ಕ ಹಣ್ಣುಗಳಿಂದ ಕೂಡಿದ ಹಿತಮಿತ ಆಹಾರ, ಸಕಾಲದ ನಿದ್ರೆ, ಮನಃಪ್ರಸನ್ನತೆ ಇವೇ ಗರ್ಭಿಣೀಪರಿಚರ್ಯೆಯ ಸಾರ. ಇದರ ಜೊತೆಗೆ ಗರ್ಭಧಾರಣೆಗೆ ಮೂರು ತಿಂಗಳ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಥೈರಾಯ್ಡ್ ಮತ್ತು ಸಕ್ಕರೆಯ ತಪಾಸಣೆ ಅವಶ್ಯ. ಗಂಡನೂ ಹೆಂಡತಿಯೂ ತಂಬಾಕು, ಗುಟ್ಕಾ, ಮದ್ಯಗಳಿಂದ ದೂರವಿರಬೇಕು.

ಬಂಧುಗಳ ಹೊಣೆ

ಒಬ್ಬರಲ್ಲಿ ಪಲ್ಲಟ ಕಂಡುಬಂದರೆ ಅದು ತಂದೆ ಅಥವಾ ತಾಯಿಯಿಂದ ಬಂದಿರಬಹುದು. ಹಾಗಿದ್ದಲ್ಲಿ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಪ್ರತಿಯೊಬ್ಬರಿಗೂ ಅದು ಇರುವ ಸಾಧ್ಯತೆ ಅರ್ಧದಷ್ಟು. ಮದುವೆಯ ಮಾತು ಕೆಡುವುದೆಂದು ಮುಚ್ಚಿಡುವುದು ಸಹಜ. ಆದರೆ ಒಬ್ಬ ತಂಗಿಗೆ ಮೊದಲೇ ತಿಳಿಸಿದರೆ ಆಕೆ ಮೂರು ಗರ್ಭಗಳನ್ನು ಕಳೆದುಕೊಂಡು ನಿಂದೆ ಕೇಳುವುದು ತಪ್ಪೀತು. ಊರಿಗೆಲ್ಲ ಹೇಳಬೇಕಾಗಿಲ್ಲ, ಒಡಹುಟ್ಟಿದವರಿಗೆ ಹೇಳಿದರೆ ಸಾಕು. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಆದ ಮದುವೆಯಿಂದ ಈ ಪಲ್ಲಟ ಹುಟ್ಟುವುದಿಲ್ಲ. ಆದರೆ ಅಂತಹ ಮದುವೆಗಳಲ್ಲಿ ಬೇರೆ ಬಗೆಯ ಆನುವಂಶಿಕ ರೋಗಗಳು ಬರುವ ಸಂಭವ ಹೆಚ್ಚಿರುವುದರಿಂದ ಆ ವಿಷಯವನ್ನು ತಜ್ಞರಿಗೆ ತಪ್ಪದೆ ತಿಳಿಸಬೇಕು.

ಬಸವಾದಿ ಶರಣರು ಸೂತಕಗಳನ್ನು ಅಲ್ಲಗಳೆದರು. ಹೆಣ್ಣಿನ ದೇಹದಲ್ಲಿ ನಡೆಯುವುದನ್ನು ಮೈಲಿಗೆಯೆಂದು ಎಣಿಸಲಿಲ್ಲ. ಆ ಪರಂಪರೆಯಲ್ಲಿ ಬಂದ ಮನೆಗಳಲ್ಲಿ ಗರ್ಭ ಕಳೆದುಕೊಂಡವಳನ್ನು ಅಶುಭವೆಂದು ಉಡಿ ತುಂಬುವ ಕಾರ್ಯದಿಂದ ದೂರವಿಡುವುದು ಯಾವ ಧರ್ಮ? ಅತ್ತೆಯಾದವರು ಆಕೆಯನ್ನು ಮುಂದೆ ಕರೆದು ಕೂರಿಸಲಿ. ಮಗನಾದವನು ಹೆಂಡತಿಯ ಜೊತೆಗೆ ಹೋಗಿ ತಾನೂ ರಕ್ತ ಕೊಟ್ಟು ಬರಲಿ. ಮಗುವಾಗಲಿ ಆಗದಿರಲಿ, ಆ ದಂಪತಿಗಳು ಮನೆಗೆ ಪೂರ್ಣರೇ ಎಂಬ ಭಾವ ಎಲ್ಲರಲ್ಲಿಯೂ ನೆಲೆಸಲಿ.